ಹತ್ತೋ ಅತ್ತೋ? ಮೊದಲ ಭಾಷಾ ಸಂಶೋಧನೆ ಸಂತೆಯಲ್ಲೇ ಮಾಡಿ

ಭಾಷಾವಿಜ್ಞಾನದ ವಿದ್ಯಾರ್ಥಿಗಳು ಕಿರುಪ್ರಬಂಧಕ್ಕೆ ‘ಕನ್ನಡದ ಉಪಭಾಷೆಗಳು’ ಎಂಬಂಥ ವಿಷಯ ಹಿಡಿದರೆ ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವ ಮಾತಲ್ಲ. ಒಂದೇ ಒಂದು ಧ್ವನಿ ಹಿಡಿಯಿರಿ. ಮೈಸೂರು, ಮಂಡ್ಯದ ಕಡೆಯವರಾದರೆ ಹಕಾರವೇ ಒಳ್ಳೆಯದು. ಅಲ್ಲಿ ಎಷ್ಟೋ ಜನರ ಬಾಯಲ್ಲಿ ‘ಹತ್ತು’ ಎಂಬುದು ‘ಅತ್ತು’ ಆಗುತ್ತದೆ. ಯಾರ ಬಾಯಲ್ಲಿ, ಯಾವಾಗ? ಪ್ರಶ್ನೆ ಇಷ್ಟೇ ಇರಲಿ.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1962ರಲ್ಲಿ, ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳಲ್ಲಿ ಮಾಡಿದ್ದು ಇದನ್ನೇ. ನಾಲ್ಕನೇ ಮಹಡಿಯಲ್ಲಿರುವ ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬರುತ್ತಿತ್ತು. ಕೇಳಿಸದವರಂತೆ ಇನ್ನೊಮ್ಮೆ ಹೇಳಿಸಿ, ರಕಾರ ಇತ್ತೇ ಇಲ್ಲವೇ ಎಂದು ಆಚೆ ಬಂದು ಬರೆದುಕೊಳ್ಳುತ್ತಿದ್ದರು. 264 ಜನರ ಮಾತು ಹೀಗೆ ಸಿಕ್ಕಿತು. ದುಬಾರಿ ಮಳಿಗೆಯಲ್ಲಿ ರಕಾರ ಹೆಚ್ಚು, ಅಗ್ಗದ ಮಳಿಗೆಯಲ್ಲಿ ಕಡಿಮೆ.

ನಮಗಂತೂ ಇದು ಇನ್ನೂ ಸಲೀಸು. ಹತ್ತರಿಂದ ಹತ್ತೊಂಬತ್ತರವರೆಗಿನ ಸಂಖ್ಯೆಗಳೆಲ್ಲ ಹಕಾರದಿಂದಲೇ ಶುರುವಾಗುತ್ತವೆ. ಸಂತೆಯಲ್ಲಿ ಹತ್ತು ರೂಪಾಯಿಯ ಸೊಪ್ಪಿನ ಕಟ್ಟು ಯಾರ ಬಳಿ ಇದೆ ಎಂದು ಮೊದಲೇ ನೋಡಿಕೊಳ್ಳಿ. ‘ಕಟ್ಟು ಎಷ್ಟಕ್ಕಾ?’ ಎಂದು ಕೇಳಿ. ‘ಹತ್ತು’ ಎಂಬ ಮಾತು ನಿಮ್ಮ ಬಾಯಿಂದ ಮೊದಲು ಬರಕೂಡದು. ಬಂದರೆ ಅವರು ನಿಮ್ಮಂತೆಯೇ ಹೇಳಿಬಿಡಬಹುದು. ಉತ್ತರ ಬಂದ ಮೇಲೆ ‘ಎಷ್ಟಂದ್ರಿ?’ ಎನ್ನಿ. ಎರಡನೇ ಸಲ ಜನ ಬಿಡಿಸಿ ಹೇಳುತ್ತಾರೆ. ಆಗ ‘ಅತ್ತು’ ‘ಹತ್ತು’ ಆಗುತ್ತದೆಯೇ ಎಂಬುದನ್ನೇ ಗಮನಿಸಬೇಕು. ಸೊಪ್ಪು ಕೊಂಡುಕೊಳ್ಳಿ, ಅವರ ವ್ಯಾಪಾರದ ಹೊತ್ತು ಹಾಳುಮಾಡಬೇಡಿ. ಪಕ್ಕಕ್ಕೆ ಬಂದು ಎರಡೂ ಉತ್ತರ, ಗಂಡಸೋ ಹೆಂಗಸೋ, ಅಂದಾಜು ವಯಸ್ಸು ಬರೆದುಕೊಳ್ಳಿ. ಹೆಸರು ಬೇಡ. ಸೂಪರ್‌ಮಾರ್ಕೆಟ್ಟಿನಲ್ಲೂ ಇದೇ ಪ್ರಶ್ನೆ ಕೇಳಿ, ಹೋಲಿಸಿ.

ಧ್ವನಿವಿಜ್ಞಾನದಲ್ಲಿ ಆಸಕ್ತಿಯಿದ್ದವರು ಕೆಲವರ ಮಾತನ್ನು ರೆಕಾರ್ಡ್ ಮಾಡಲಿ, ಒಪ್ಪಿಗೆ ಪಡೆದೇ ಮಾಡಲಿ. ಜೇಬಿನಲ್ಲಿ ಫೋನ್ ಕದ್ದು ಆನ್ ಮಾಡುವುದು ಸಲ್ಲದು. ಫ್ಯಾನ್ ಆರಿಸಿ, ವೇವ್ ಫೈಲ್ ಆಗಿ ಉಳಿಸಿಕೊಳ್ಳಿ. ಪದಪಟ್ಟಿ ಓದಿಸಿದರೆ ಪುಸ್ತಕದ ಹಕಾರವೇ ಬರುತ್ತದೆ. ಅದರ ಬದಲು ಮುದ್ದೆ ಮಾಡುವ ಬಗೆ ಹೇಳಿಸಿ. ಹಿಟ್ಟು, ಹಾಕು, ಹದ ಎಲ್ಲವೂ ತಾವಾಗಿಯೇ ಬರುತ್ತವೆ. ‘ಪ್ರಾಟ್’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿದರೆ, ಕಿವಿಗೆ ಕೇಳಿಸದ ಹಕಾರದ ಸಣ್ಣ ಉಸಿರೂ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ.

ಚರಿತ್ರೆಯತ್ತ ಒಲವಿದ್ದವರಿಗೂ ಇದೇ ಪದ ಸಾಕು. ಹಳಗನ್ನಡದ ‘ಪತ್ತು’ ಮುಂದೆ ‘ಹತ್ತು’ ಆಯಿತು. ತಮಿಳಿನಲ್ಲಿ ಈಗಲೂ ‘ಪತ್ತು’. ಪಕಾರ ಹಕಾರವಾಗಿ, ಈಗ ಹಕಾರವೂ ಬಿದ್ದುಹೋಗುತ್ತಿದೆ. ಆದ್ದರಿಂದ ‘ಅತ್ತು’ ಎಂದವರದು ಅಶುದ್ಧ ಉಚ್ಚಾರಣೆ ಎಂದು ದಯವಿಟ್ಟು ಬರೆಯಬೇಡಿ. ಹಾಳು–ಆಳು, ಹಾಡು–ಆಡು ಒಂದೇ ಆಗಿ ಕೇಳಿಸಿದಾಗ ಕೇಳುವವರು ಅರ್ಥ ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬುದು ಅರ್ಥವಿಜ್ಞಾನದವರ ಪಾಲಿನ ಪ್ರಶ್ನೆ.

ಬರೆಯುವ ಮುನ್ನ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ಪುಸ್ತಕಗಳನ್ನು ಓದಿ. ಕೋಷ್ಟಕದಲ್ಲಿ ಶೇಕಡಾವಾರಿನ ಜೊತೆಗೆ ಎಷ್ಟು ಜನರನ್ನು ಕೇಳಿದಿರಿ ಎಂಬುದೂ ಇರಲಿ. ‘ಟೆನ್ ರುಪೀಸ್’ ಎಂದವರನ್ನು ಬಿಟ್ಟುಬಿಡಬೇಡಿ, ಅವರಿಗೊಂದು ಬೇರೆ ಕಾಲಂ ಹಾಕಿ.