ಕೊಡ್ಡಾಯಿಯ ದನಿ

ಕಲಘಟಗಿಯ ಮಳೆನೀರು ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಅಂಕೋಲೆಯ ಬಳಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ನಮ್ಮ ನವಲಗುಂದದ ನೀರು ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆ ಎಂದು ಪೂರ್ವದ ಹಾದಿ ಹಿಡಿಯುತ್ತದೆ. ಒಂದೇ ಜಿಲ್ಲೆಯ ಮಳೆಗೆ ಎರಡು ಕಡಲು. ಅಂಕೋಲೆ ಸೀಮೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ, ಅಳಿವೆಯಲ್ಲಿ ನಿಂತು ಆ ಕದಡಿದ ನೀರು ನೋಡಿದಾಗಲೆಲ್ಲ ನನಗೆ ಊರ ಕಡೆಯ ಮಣ್ಣೇ ಹರಿದು ಬಂದಂತೆ ಅನಿಸುತ್ತಿತ್ತು. ಆ ಕೆಸರನ್ನೇ ನೆಚ್ಚಿ ಬದುಕುವ ಮೀನು ಕೊಡ್ಡಾಯಿ.

ಮಂಗಳೂರಿನವರು ಇದನ್ನು ಕೊಡ್ಡಾಯಿ, ಕಲ್ಲೂರು ಎನ್ನುತ್ತಾರೆ. ದಡದಿಂದ ಬಹುದೂರವಲ್ಲದ ಕೆಸರು, ಮರಳಿನ ತಳದಲ್ಲಿ ಗುಂಪಾಗಿ ತಿರುಗುತ್ತದೆ. ಸಿಗಡಿ, ಸಣ್ಣ ಮೀನು ಅದರ ಆಹಾರ. ಗುರುತು ಹಿಡಿಯುವುದು ಸುಲಭ: ಮೈಪಕ್ಕದ ಗೆರೆ ಹೆಚ್ಚಿನ ಮೀನುಗಳಲ್ಲಿ ಬಾಲದ ಬುಡದಲ್ಲೇ ಮುಗಿದರೆ, ಇದರಲ್ಲಿ ಬಾಲದ ತುದಿಯವರೆಗೂ ಓಡುತ್ತದೆ.

ಒಂದು ಬೆಳಗಿನ ಜಾವ ಪರಿಚಯದ ಮೀನುಗಾರರೊಬ್ಬರು ದೋಣಿ ನಿಲ್ಲಿಸಿ, ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಗೆ ಕಿವಿ ಹಚ್ಚಿದರು. “ಮಾಸ್ತರೇ, ನೀವೂ ಕೇಳಿ” ಅಂದರು. ಕಟ್ಟಿಗೆಯೊಳಗಿಂದ ಗೊರ್ ಗೊರ್ ಎಂಬ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಮೀನಿಗೆ ಗಂಟಲಿನ ದನಿಯಿಲ್ಲ. ಹೊಟ್ಟೆಯೊಳಗಿನ ಗಾಳಿಚೀಲದ ಪಕ್ಕದ ಸ್ನಾಯುಗಳು ಬಿರಬಿರನೆ ಕುಗ್ಗಿ ಹಿಗ್ಗಿ ಆ ಚೀಲವನ್ನು ಡೊಳ್ಳಿನಂತೆ ನುಡಿಸುತ್ತವೆ. ಈ ಕುಲದ ಹಲವು ಜಾತಿಗಳಲ್ಲಿ ಗಂಡು ಮಾತ್ರ ನುಡಿಸುತ್ತದೆ, ಅದೂ ಮೊಟ್ಟೆಯಿಡುವ ಕಾಲದಲ್ಲಿ ಹೆಚ್ಚು. ಅಲ್ಲಿಂದ ಮುಂದೆ ಮೀನೆಂದರೆ ಮೂಕಪ್ರಾಣಿ ಎಂಬ ಮಾತನ್ನು ನಾನು ತರಗತಿಯಲ್ಲಿ ಹೇಳಲಿಲ್ಲ.

ತಲೆಯೊಳಗೆ ಎರಡು ಬಿಳಿ ಕಲ್ಲುಗಳೂ ಇವೆ. ಸಾರು ಉಂಡ ಮೇಲೆ ತಲೆ ಬಿಡಿಸಿ ತೆಗೆದು, ತೊಳೆದು ಮಕ್ಕಳ ಕೈಗೆ ಕೊಡುತ್ತಿದ್ದೆ. ಸಮತೋಲಕ್ಕೂ ಕೇಳುವುದಕ್ಕೂ ಮೀನಿಗೆ ಅವು ಬೇಕು. ಕಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಪದರು ಪದರಾದ ಬೆಳವಣಿಗೆಯ ಉಂಗುರ ಕಾಣುತ್ತದೆ. ವಿಜ್ಞಾನಿಗಳು ಮೀನಿನ ವಯಸ್ಸು ಎಣಿಸುವುದು ಹೀಗೆ.

ನನ್ನನ್ನು ಕಾಡುವ ವಿಷಯ ಬೇರೆ. ಸಂಗಾತಿಯನ್ನು ಕರೆಯುವ ದನಿಯೇ ಬಲೆಯನ್ನೂ ಕರೆಯುತ್ತದೆ, ಆ ದನಿ ನುಡಿಸುವ ಗಾಳಿಚೀಲಕ್ಕೂ ಬೆಲೆಯಿದೆ. ಇದೇ ಕುಲದ ದೊಡ್ಡಣ್ಣ ಘೋಲ್ ಮೀನಿಗೆ 2023ರಲ್ಲಿ ಗುಜರಾತ್ ರಾಜ್ಯಮೀನಿನ ಪಟ್ಟ ಕೊಟ್ಟಿತು. ಅದರ ಗಾಳಿಚೀಲವನ್ನು ಒಣಗಿಸಿ ಹಾಂಗ್‌ಕಾಂಗ್, ಚೀನಾಕ್ಕೆ ಭಾರೀ ಬೆಲೆಗೆ ಮಾರುತ್ತಾರೆ. ಇದೇ ಆಸೆಗೆ ಚೀನಾದ ಕರಾವಳಿಯಲ್ಲಿ ಬಹಾಬಾ ಎಂಬ ಇವುಗಳ ಬಂಧು ಅಳಿವಿನಂಚಿಗೆ ಬಂದಿದೆ. ಆ ಗತಿ ಇಲ್ಲಿಗೂ ಬರಬಾರದೆಂದರೆ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗಿರುವ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕು ಎನ್ನುವವನು ನಾನು.

ಈಗ ನವಲಗುಂದದಲ್ಲೇ ಇದ್ದೇನೆ. ಊರ ಮೇಲೆ ಹಾಯ್ದ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಗೇ ಹೋಗಿ ಮುಗಿಯುತ್ತದೆ. ಆ ದಾರಿಯಲ್ಲೇ ಮೀನಿನ ಐಸ್ ಪೆಟ್ಟಿಗೆಯೂ ಬರುತ್ತದೆ. ಕೊಡ್ಡಾಯಿಯ ಮಾಂಸ ಮೆತ್ತಗೆ, ಬೇಗ ಕೆಡುತ್ತದೆ. ಕಿವಿರು ಎತ್ತಿ ನೋಡುತ್ತೇನೆ, ಕೆಂಪಿರಬೇಕು. ಬೆರಳಿನಿಂದ ಒತ್ತಿದರೆ ಕುಳಿ ನಿಲ್ಲಬಾರದು.

ಬೆರಳುದ್ದದ ಮರಿಗಳನ್ನು ಮಾತ್ರ ಕೊಳ್ಳುವುದಿಲ್ಲ. “ಸಣ್ಣೂವು ಅಗ್ಗ ಬೀಳ್ತಾವ್ರಿ ಸರ” ಎಂದ ಮೀನು ಮಾರುವ ಹುಡುಗ. “ಬ್ಯಾಡೋ ತಮ್ಮಾ, ಅವು ಇನ್ನೂ ಒಮ್ಮೆನೂ ತತ್ತಿ ಇಟ್ಟಿಲ್ಲ” ಅಂದೆ. ಈಗ ದೊಡ್ಡವು ಬಂದ ದಿನ ಅವನೇ ಫೋನ್ ಮಾಡುತ್ತಾನೆ.