ಒಬ್ಬರಿಂದ ಆಗದ್ದು, ಕೂಡಿದರೆ ಆಗುತ್ತದೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಂಗಿ ಬರುತ್ತಿದ್ದಳು. ಅಕ್ಷರ ಬೇಗ ಕಲಿತಳು. ಆಮೇಲೆ ಬರುವುದನ್ನೇ ಬಿಟ್ಟಳು. ನಾವು ನಾಲ್ಕು ಮಂದಿ ಅವಳ ಮನೆಗೆ ಹೋದೆವು. ತೊಗರಿ ಮಾರಿದ ರೊಕ್ಕವನ್ನು ಗಂಡ ಕುಡಿದು ಮುಗಿಸಿದ್ದ. ಒಲೆ ಹೊತ್ತಿರಲಿಲ್ಲ.

"ಎಲ್ಲಾ ಮಾಡಿ ನೋಡೀನ್ರಿ ಟೀಚರ್," ಅಂದಳು. "ದೇವರ ಮುಂದ ಆಣಿ ಮಾಡಿಸೀನಿ. ತಾಯತ ಕಟ್ಟಿಸೀನಿ. ಎಂಟು ದಿನಾ ಬಿಡ್ತಾನ, ಮತ್ತ ಸುರು ಮಾಡ್ತಾನ. ನಂದೇ ಏನರ ತಪ್ಪ ಅದ ಏನ್ರಿ?"

ಅಕ್ಕತಂಗಿಯರೆ, ತಪ್ಪು ಅವಳದಲ್ಲ. ಈ ಮಾತನ್ನು ನಾವು ಮೊದಲು ತಿಳಿಯಬೇಕು.

ಕುಡಿತದ ಚಟ ಒಂದು ರೋಗ

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸರಾಯಿ ಮಾರಾಟ ನಿಂತಿತು. ಆದರೆ ಕುಡಿತ ನಿಲ್ಲಲಿಲ್ಲ. ಸರಾಯಿ ಹೋದರೆ ಬೇರೆ ಬಾಟಲಿ ಬಂತು. ಯಾಕೆ? ಚಟ ಹತ್ತಿದವನ ಮೈ ಮತ್ತು ಮನಸ್ಸು ಎರಡೂ ಹೆಂಡವನ್ನೇ ಬೇಡುತ್ತವೆ. ಬರೀ ಆಣೆಯಿಂದ ಜ್ವರ ಇಳಿಯುವುದಿಲ್ಲ. ಇದೂ ಹಾಗೆಯೇ.

ಆದರೆ ರೋಗ ಅಂತ ಹೊಡೆತ ತಿನ್ನಬೇಕಿಲ್ಲ. ಹೊಡೆದರೆ 181 ಅಥವಾ 112ಕ್ಕೆ ಫೋನ್ ಮಾಡಿ.

ಎಚ್ಚರ! ಎರಡು ಮಾತು

ಒಂದು. ದಿನಾ ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಅಪಾಯ. ಮೊದಲ ಮೂರು-ನಾಲ್ಕು ದಿನಗಳಲ್ಲಿ ಕೈ ನಡುಗಬಹುದು. ಫಿಟ್ಸ್ ಬರಬಹುದು. ಇಲ್ಲದ್ದು ಕಂಡಂತೆ ಆಗಿ ಬಡಬಡಿಸಬಹುದು. ಇದು ಗಾಳಿ ಸೋಕಿದ್ದಲ್ಲ. ಜೀವಕ್ಕೂ ಕುತ್ತು ಬರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಿಡುವ ಮೊದಲೇ ಡಾಕ್ಟರರನ್ನು ಕಂಡರೆ ಇನ್ನೂ ಒಳ್ಳೆಯದು.

ಎರಡು. ಗೊತ್ತಾಗದಂತೆ ಊಟದಲ್ಲಿ ಪುಡಿ ಕಲಸಿ ಕೊಡಬೇಡಿ. ಅದರಲ್ಲಿ ಏನಿದೆಯೋ ನಮಗೆ ತಿಳಿಯದು. ಅದರ ಮೇಲೆ ಅವರು ಕುಡಿದರೆ ಪ್ರಾಣಕ್ಕೇ ಬರಬಹುದು.

ಕೂಟ ಹುಟ್ಟಿದ ಕತೆ

1935ರಲ್ಲಿ ಅಮೆರಿಕ ದೇಶದ ಏಕ್ರನ್ ಪಟ್ಟಣದಲ್ಲಿ ಇಬ್ಬರು ಕೂಡಿದರು. ಒಬ್ಬ ಶೇರು ವ್ಯಾಪಾರಿ. ಇನ್ನೊಬ್ಬ ಡಾಕ್ಟರು. ಇಬ್ಬರೂ ಕುಡುಕರೇ. ಒಬ್ಬರೇ ಬಿಡಲು ಹೋಗಿ ಸೋತವರು. ತಮ್ಮ ಕಷ್ಟವನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಕುಡಿಯದೆ ಉಳಿದರು. ಆ ಕೂಟದ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್. ಚಿಕ್ಕದಾಗಿ ಎ.ಎ. ಅನ್ನುತ್ತಾರೆ. ಈಗ ಅದು ನಮ್ಮ ದೇಶದಲ್ಲೂ ಇದೆ.

ಅಲ್ಲಿ ಫೀಸು ಇಲ್ಲ. ಜಾತಿ ಕೇಳುವುದಿಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ. 'ಕುಡಿತ ಬಿಡಬೇಕು' ಅನ್ನುವ ಮನಸ್ಸು ಇದ್ದರೆ ಸಾಕು. ಸುತ್ತ ಕೂತು ಒಬ್ಬೊಬ್ಬರೇ ಮಾತಾಡುತ್ತಾರೆ. ಬೈಯುವುದಿಲ್ಲ, ನಗುವುದಿಲ್ಲ. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು. 'ಜೀವನಪೂರ್ತಿ ಬಿಡುತ್ತೇನೆ' ಅನ್ನುವುದಿಲ್ಲ. 'ಇವತ್ತೊಂದು ದಿನ ಕುಡಿಯುವುದಿಲ್ಲ' ಅನ್ನುತ್ತಾರೆ.

ಮನೆಯವರಿಗೂ ಒಂದು ಕೂಟ ಇದೆ. ಅದು 1951ರಲ್ಲಿ ಶುರುವಾಯಿತು. ಅದರ ಹೆಸರು ಅಲ್-ಅನಾನ್.

ನಮ್ಮ ರಾಜ್ಯದಲ್ಲೇ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿ ಇದೆ. ಬಿಟ್ಟವರು ಅಲ್ಲಿ ಕೂಡಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುತ್ತಾರೆ.

ಎಲ್ಲಿ ಕೇಳಬೇಕು?

• 14446. ಚಟ ಬಿಡಿಸುವ ಸಹಾಯವಾಣಿ. ಫೋನಿಗೆ ದುಡ್ಡು ಬೀಳುವುದಿಲ್ಲ.
• 14416. ಮನಸ್ಸಿನ ಕಷ್ಟಕ್ಕೆ ಸಲಹೆ. ಕನ್ನಡದಲ್ಲೇ ಮಾತಾಡಬಹುದು.
• ಆಳಂದ, ಅಫಜಲಪುರ, ಜೇವರ್ಗಿ ತಾಲೂಕು ಆಸ್ಪತ್ರೆ. "ಮನೋರೋಗದ ಡಾಕ್ಟರು ಯಾವ ದಿನ ಬರ್ತಾರ್ರಿ?" ಅಂತ ಕೇಳಿ.
• ಕಲಬುರಗಿಯ ಜಿಮ್ಸ್ ದೊಡ್ಡಾಸ್ಪತ್ರೆ. ಅಲ್ಲಿ ಮನೋರೋಗ ವಿಭಾಗ ಇದೆ.
• ನಿಮ್ಮೂರ ಆಶಾ ಕಾರ್ಯಕರ್ತೆ ಮತ್ತು ಸ್ವಸಹಾಯ ಸಂಘ.

ಎಲ್ಲಿ ಹೋದರೂ ಮೂರು ಮಾತು ಕೇಳಿ. ಸಭೆ ಎಲ್ಲಿ? ಯಾವ ದಿನ? ಎಷ್ಟು ಗಂಟೆಗೆ?

ಆ ತಂಗಿ ಏನು ಮಾಡಿದಳು?

14446 ಅನ್ನು ತಾನೇ ಓದಿ ಫೋನ್ ಒತ್ತಿದಳು. ಗಂಡ ಮೊದಲು ಬರಲಿಲ್ಲ. ಆಕೆ ಒಬ್ಬಳೇ ಆಸ್ಪತ್ರೆಗೆ ಹೋಗಿ ಕೇಳಿ ಬಂದಳು. ಆತ ಅಮಲಿನಲ್ಲಿ ಇದ್ದಾಗ ಜಗಳ ಮಾಡಲಿಲ್ಲ. ಬೆಳಗ್ಗೆ ಶಾಂತವಾಗಿ ಹೇಳಿದಳು. ಅವನ ಸಾಲ ತಾನು ತೀರಿಸುವುದನ್ನು ನಿಲ್ಲಿಸಿದಳು. ಕಡೆಗೆ ಆತ ಬಂದ. ಔಷಧ ತಗೊಂಡ. ಕೂಟದಲ್ಲಿ ಕೂತ.

ಐದು ತಿಂಗಳ ಮೇಲೆ ಒಂದು ಮದುವೆಯಲ್ಲಿ ಮತ್ತೆ ಕುಡಿದ. ಆಕೆ ಅತ್ತಳು. ಆದರೆ ಕೂಟದವರೇ ಮನೆಗೆ ಬಂದರು. "ನಾವೂ ಹಿಂಗ ಬಿದ್ದೀವಿ, ಎದ್ದೀವಿ. ಏಳಪ್ಪಾ, ನಡಿ" ಅಂದರು. ಆತ ಅವರ ಜೊತೆ ಹೋದ. ಈಗಲೂ ಹೋಗುತ್ತಾನೆ.

"ನನ್ನ ಹೆಸರು ಬರೀಬ್ಯಾಡ್ರಿ" ಅಂದಳು ಆ ತಂಗಿ. ನಾವು ಬರೆಯಲಿಲ್ಲ. "ಖರೆ ಕತಿ ಬರೀರಿ, ಇನ್ನೊಬ್ಬಾಕಿ ಓದ್ಲಿ" ಅಂದಳು. ಅದಕ್ಕೇ ಈ ಪಾಠ.

ಗಟ್ಟಿಯಾಗಿ ಓದಿ

ಕೂಟ, ಸಭೆ, ಶಿಬಿರ, ಸಹಾಯವಾಣಿ, ನವಜೀವನ

ಕೂಡಿ ಚರ್ಚೆ ಮಾಡಿ

1. ಕುಡುಕನ ಹೆಂಡತಿಯನ್ನು ಊರಿನವರು ಯಾಕೆ ಬೈಯುತ್ತಾರೆ? ಅದು ಸರಿಯೆ?
2. ಮತ್ತೆ ಕುಡಿದವನನ್ನು ಕೂಟದವರು ಯಾಕೆ ದೂರ ಮಾಡಲಿಲ್ಲ?

ಬರೆಯಿರಿ

14446, 14416, 181, 112. ಈ ನಾಲ್ಕು ನಂಬರುಗಳನ್ನು ದೊಡ್ಡದಾಗಿ ಬರೆದು ನಿಮ್ಮ ಕೇಂದ್ರದ ಗೋಡೆಗೆ ಹಚ್ಚಿರಿ.