ಸೌರ ಪಂಪಿನ ಕೀರಲು ಶಬ್ದ ಮತ್ತು ಅದಕ್ಕೊಂದು ಉಪಾಯ

ಸೌರ ಪಂಪ್‌ಸೆಟ್ಟಿನ ಮೋಟಾರು ಸಿಳ್ಳು ಹಾಕಿದಂತೆ ಕೀರಲು ದನಿ ಹೊರಡಿಸುವುದುಂಟು. ನೆಲದ ಮೇಲೆ ಕೂರಿಸಿದ ಮಾನೋಬ್ಲಾಕ್ ಪಂಪಿನಲ್ಲಿ ಇದು ಚೆನ್ನಾಗಿ ಕೇಳುತ್ತದೆ. ಬೇರಿಂಗ್ ಹೋಗಿದೆಯೆಂದು ಭಾವಿಸಿ ಮೋಟಾರು ಬಿಚ್ಚಿಸುವ ಮೊದಲು ರೈತರು ಒಂದು ಪರೀಕ್ಷೆ ಮಾಡಬಹುದು. ಮೋಟಾರಿಗೆ ವಿದ್ಯುತ್ತು ನಿಂತ ಕ್ಷಣವೇ ಶಬ್ದವೂ ನಿಂತರೆ ಅದು ಇನ್ವರ್ಟರಿನಿಂದ ಬಂದದ್ದು. ಮೋಟಾರು ಪೂರ್ತಿ ನಿಲ್ಲುವವರೆಗೂ ಗರಗರ ಎನ್ನುತ್ತಿದ್ದರೆ ಬೇರಿಂಗನ್ನು ಸಂಶಯಿಸಬೇಕು.

ಸೌರಫಲಕ ಕೊಡುವುದು ಏಕಮುಖ ವಿದ್ಯುತ್ತು. ಇನ್ವರ್ಟರು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ತುಣುಕುಗಳ ಅಗಲವನ್ನು ಹೆಚ್ಚು ಕಡಿಮೆ ಮಾಡಿ, ಮೋಟಾರಿಗೆ ಬೇಕಾದ ಅಲೆಯನ್ನು ರೂಪಿಸುತ್ತದೆ. ಸೆಕೆಂಡಿಗೆ ೪,೦೦೦ ಸಲ ಕತ್ತರಿಸಿದರೆ, ಆ ೪,೦೦೦ದ ಸುತ್ತಮುತ್ತ, ಅದರ ಎರಡರಷ್ಟು, ಮೂರರಷ್ಟರ ಬಳಿಯೂ ಬೇಡದ ಅಲೆಗಳು ಹುಟ್ಟುತ್ತವೆ. ಇವೇ ಹಾರ್ಮೋನಿಕ್ಸ್. ಇವು ಮೋಟಾರಿನ ಕಬ್ಬಿಣವನ್ನು ಕಂಪಿಸುವಂತೆ ಮಾಡುತ್ತವೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ೨,೦೦೦ದಿಂದ ೫,೦೦೦ ಕಂಪನಗಳ ನಡುವೆಯೇ!

ಕತ್ತರಿಸುವ ವೇಗವನ್ನು ೧೬,೦೦೦ಕ್ಕೂ ಮೇಲೆ ಏರಿಸಿದರೆ ಶಬ್ದ ಹೆಚ್ಚಿನವರಿಗೆ ಕೇಳದು. ಆದರೆ ಪ್ರತಿ ಕತ್ತರಿಕೆಗೂ ಸ್ವಲ್ಪ ಶಕ್ತಿ ಶಾಖವಾಗಿ ಹೋಗುವುದರಿಂದ ಇನ್ವರ್ಟರು ಬಿಸಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ, ಬಿಸಿಲಿಗೊಡ್ಡಿದ ಪೆಟ್ಟಿಗೆಯೊಳಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಉಪಾಯವೆಂದರೆ ಕತ್ತರಿಕೆಯ ಲಯವನ್ನೇ ಕೆಡಿಸುವುದು. ಸರಾಸರಿ ವೇಗ ಹಾಗೇ ಇರುತ್ತದೆ. ಒಂದು ಕತ್ತರಿಕೆಗೂ ಮುಂದಿನದಕ್ಕೂ ನಡುವಿನ ಅಂತರ ಮಾತ್ರ ಗೊತ್ತುಗುರಿಯಿಲ್ಲದೆ ತುಸು ಹಿಂದುಮುಂದಾಗುತ್ತದೆ. ಪ್ರತಿ ಅಂತರದಲ್ಲೂ ವಿದ್ಯುತ್ತು ಹರಿಯುವ ಕಾಲದ ಪಾಲನ್ನು ಸರಿಯಾಗಿ ಕಾಯ್ದುಕೊಳ್ಳುವುದರಿಂದ ನೀರೆತ್ತುವ ಕೆಲಸಕ್ಕೆ ಅಡ್ಡಿಯಿಲ್ಲ. ಕೀರಲು ದನಿಯ ಬದಲು ತಗಡಿನ ಚಾವಣಿಯ ಮೇಲೆ ಬೀಳುವ ಮಳೆಯಂಥ ಸಪ್ಪಳ ಕೇಳುತ್ತದೆ. ರಾಶಿ ಹಾಕಿದ ಗೊಬ್ಬರವನ್ನು ಹೊಲಕ್ಕೆ ಹರಡಿದರೆ ರಾಶಿ ಇಳಿಯುತ್ತದೆಯೇ ಹೊರತು ಗೊಬ್ಬರದ ತೂಕ ಕಡಿಮೆಯಾಗದು. ಇಲ್ಲಿಯೂ ಅಷ್ಟೇ: ಬೇಡದ ಶಕ್ತಿ ಹರಡುತ್ತದೆ, ಅಳಿಯುವುದಿಲ್ಲ.

ಆದ್ದರಿಂದ, ಶಬ್ದ ತಗ್ಗಿತೆಂದು ಮೋಟಾರು ಸುರಕ್ಷಿತವೆಂದು ನಂಬಕೂಡದು. ಆಳದ ಕೊಳವೆಬಾವಿಗಳಲ್ಲಿ ಇನ್ವರ್ಟರಿನಿಂದ ಮೋಟಾರಿನವರೆಗಿನ ಕೇಬಲ್ಲು ಬಹಳ ಉದ್ದ. ಚೂಪಾದ ವಿದ್ಯುತ್ ತುಣುಕುಗಳು ಅದರ ತುದಿಯಲ್ಲಿ ಪ್ರತಿಫಲಿಸಿ, ವೋಲ್ಟೇಜು ಕ್ಷಣಕಾಲ ಇಮ್ಮಡಿಯವರೆಗೂ ಏರಿ, ಸುರುಳಿಯ ನಿರೋಧಕ ಹೊದಿಕೆಯನ್ನು ಹಾಳುಮಾಡಬಲ್ಲದು. ಲಯ ಕೆಡಿಸುವುದರಿಂದ ಈ ತೊಂದರೆ ನೀಗದು. ಇನ್ವರ್ಟರಿನ ಹೊರದಾರಿಯಲ್ಲಿ ತಕ್ಕ ಫಿಲ್ಟರು ಬೇಕು. ಆದರೆ ಅಲೆಯನ್ನು ನಯಗೊಳಿಸುವ ಫಿಲ್ಟರನ್ನು ಸಾಮಾನ್ಯವಾಗಿ ನಿಶ್ಚಿತ ವೇಗಕ್ಕೆ ಹೊಂದುವಂತೆ ಮಾಡಿರುತ್ತಾರೆ. ಅದನ್ನು ಜೋಡಿಸಿದ ಕಡೆ ಲಯ ಕೆಡಿಸುವ ಏರ್ಪಾಟನ್ನು ತಯಾರಕರ ಸೂಚನೆಯಿಲ್ಲದೆ ಬಳಸಬಾರದು. ಪೆಟ್ಟಿಗೆಯ ಗುಂಡಿಗಳನ್ನು ಒತ್ತಿ ತಾವೇ ಪ್ರಯೋಗ ಮಾಡುವ ಬದಲು, ಕೇಬಲ್ಲಿನ ಉದ್ದವನ್ನು ಬರೆದಿಟ್ಟುಕೊಂಡು ಪಂಪು ಒದಗಿಸಿದವರ ತಂತ್ರಜ್ಞರನ್ನು ಕೇಳುವುದು ಮೇಲು.